ಕೂತವರ ಎತ್ತರಕ್ಕೊಂದು ಚಿಲಕ

ಅಕ್ಕಲಕೋಟೆ
೪ ನವೆಂಬರ್ ೨೦೨೪

ಶ್ರೀಲೇಖಾ,

ಹರಿದು ಹಾಕುವ ಮೊದಲು ಒಂದು ಪುಟವಾದರೂ ಓದು. ಆಮೇಲೆ ನಿನ್ನ ಇಷ್ಟ.

ಆರು ವರ್ಷವಾಯಿತು. ನನ್ನ ಮದುವೆಯ ದಿನ ನಿನ್ನನ್ನು ನೋಡಿದ್ದೇ ಕಡೆ. ಆಮೇಲೆ ಫೋನ್ ಮಾಡಿದರೆ ನೀನು ಎತ್ತಲಿಲ್ಲ, ಒಂದು ದಿನ ನಂಬರನ್ನೇ ಬ್ಲಾಕ್ ಮಾಡಿದೆ. ಪತ್ರವನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಇದು. ಇನ್ನೊಂದು ಕಾರಣವೂ ಇದೆ. ಈ ಮನೆಯಲ್ಲಿ ಎಲ್ಲರೂ ದಿನವಿಡೀ ಕನ್ನಡ ಮಾತಾಡುತ್ತಾರೆ, ಓದಲು ಒಬ್ಬರಿಗೂ ಬಾರದು. ಎಲ್ಲ ಮರಾಠಿ ಸಾಲಿ ಕಲಿತವರು. ನಾನು ಲಾಜಿನ ಕೌಂಟರಿನಲ್ಲಿ ಕೂತು ಏನು ಬರೆದರೂ ಅವರಿಗೆ ಅದು ಇರುವೆ ಸಾಲು. ನಮ್ಮ ಕನ್ನಡ ಸಾಲಿಯ ಟೀಚರ್ ಬಾಯಾರು ಬೆತ್ತ ಹಿಡಿದು ಪತ್ರಲೇಖನ ಕಲಿಸಿದ್ದು ಇವತ್ತು ಉಪಯೋಗಕ್ಕೆ ಬಂತು ನೋಡು!

ವಿಷಯಕ್ಕೆ ಬರುತ್ತೇನೆ. ನಮ್ಮ ಮಾವ ಶಾಂತಲಿಂಗಪ್ಪನವರದು ಗುಡಿಯ ಹತ್ತಿರವೇ ಲಾಜ್. ಇಪ್ಪತ್ತೆರಡು ಕೋಣೆ. ಹೋದ ವಾರ ಪುಣೆಯಿಂದ ಒಂದು ಯಾತ್ರಾ ಸಂಸ್ಥೆಯವರು ಬಂದಿದ್ದರು. ಅವರು ಕರೆತರುವುದು ಗಾಲಿಕುರ್ಚಿಯವರನ್ನು, ಊರುಗೋಲಿನವರನ್ನು, ಕಣ್ಣು ಕಾಣದವರನ್ನು. ಫೆಬ್ರುವರಿ ಹದಿನಾರಕ್ಕೆ ಮೊದಲ ತಂಡ. ನಮ್ಮಲ್ಲಿ ಅನುಕೂಲವಿದ್ದರೆ ತಿಂಗಳಿಗೊಮ್ಮೆ ಬರುತ್ತಾರಂತೆ. ಮಾವ "ಅದೆಲ್ಲಾ ನಮಗ್ಯಾಕ ಬೇಕು" ಅಂದರು. ನಾನು ಒಳಗಿನಿಂದ "ನಾ ಮಾಡ್ತೀನ್ರಿ" ಅಂದುಬಿಟ್ಟೆ. ಆರು ವರ್ಷದಲ್ಲಿ ಈ ಮನೆಯಲ್ಲಿ ನಾನಾಗಿ ಕೇಳಿದ ಮೊದಲ ಕೆಲಸ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಕೊನೆಗೆ ಕೆಳಗಿನ ಮೂರು ಕೋಣೆ ನನ್ನ ಕೈಗೆ ಬಂದಿವೆ.

ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಹತ್ತೊಂಬತ್ತನೇ ವಯಸ್ಸಿಗೆ ಗಾಡಿಯಿಂದ ಬಿದ್ದಾಗಿನಿಂದ ಗಾಲಿಕುರ್ಚಿಯಲ್ಲಿ ಓಡಾಡಿದವಳು ನೀನು, ಟ್ರಾವೆಲ್ಸ್ ಆಫೀಸಿನಲ್ಲಿ ಐದು ವರ್ಷ ಊರೂರಿನ ಲಾಜ್ ಬುಕ್ ಮಾಡಿದವಳೂ ನೀನು. ಒಂದು ದಿನ ಬಾ. ನೋಡಿ ಬೈದು ಹೋಗು.

ನಿನ್ನವಳೇ ಅನ್ನಲು ಧೈರ್ಯವಿಲ್ಲದ,
ಮನೀಷಾ


ಸೊಲ್ಲಾಪುರ
೧೯ ನವೆಂಬರ್ ೨೦೨೪

ಮನೀಷಾಗೆ,

ಹರಿಯಬೇಕೆಂದೇ ಇದ್ದೆ. ಆದರೆ ಲಕೋಟೆ ತಂದುಕೊಟ್ಟ ಅತ್ತಿಗೆ, ಭಕ್ತಿ ವಹಿನಿ, "ಯಾರದು ತಾಈ? ಕನ್ನಡದಾಗ ಅದ" ಅನ್ನುತ್ತ ಬಾಗಿಲಲ್ಲೇ ನಿಂತಳು. ಅವಳೆದುರು ಹರಿದರೆ ಸಂಜೆಗೆ ದಾದಾ ಬಂದು ವಿಚಾರಣೆ ನಡೆಸುತ್ತಾನೆ, ವಕೀಲ ನೋಡು. ಇಲ್ಲಿಯೂ ನಿಮ್ಮ ಕಥೆಯೇ. ನಮ್ಮಣ್ಣ ಆಶಿಷದಾದಾ ಕಲಿತದ್ದು ಮರಾಠಿ, ವಹಿನಿ ಲಾತೂರಿನವಳು, ಮಾತಾಡುವುದನ್ನು ಮಾತ್ರ ಕಲಿತಿದ್ದಾಳೆ. ಈ ಮನೆಯಲ್ಲಿ ನನ್ನ ಕೈಯಲ್ಲಿ ಕೀಲಿಯಿರುವ ಒಂದೇ ಕೋಣೆ ಈ ಅಕ್ಷರ.

ನಾನು ಬರುವುದಿಲ್ಲ. ಸಿಟ್ಟು ಒಂದು ಕಡೆ ಇರಲಿ, ಬರಲಾಗುವುದೇ ಇಲ್ಲ. ನಮ್ಮ ಮನೆಯ ಕೆಳಗಿನ ನನ್ನ ಕೋಣೆ ನಿನಗೆ ನೆನಪಿರಬಹುದು. ಅದೀಗ ದಾದಾನ ಆಫೀಸು. ಭಂಡಾರಕವಠೆ, ತಡವಳದ ಕಡೆಯ ಕಕ್ಷಿದಾರರು ಜಮೀನಿನ ಕಾಗದ ಹಿಡಿದು ಅಲ್ಲಿ ಕೂತಿರುತ್ತಾರೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ದಾದಾ "ದೀಪಾವಳಿ ತನಕ ಅಷ್ಟ, ಲೇಖಾ" ಅಂತ ನನ್ನನ್ನು ಎತ್ತಿಕೊಂಡು ಎರಡನೇ ಮಹಡಿಗೆ ತಂದ. ಎರಡು ದೀಪಾವಳಿ ಆದವು. ಮೆಟ್ಟಿಲು ಎಣಿಸಿದರೆ ಮೂವತ್ತೊಂದು ಪಾವಟಿಗೆ. ಹದಿನಾಲ್ಕು ತಿಂಗಳಲ್ಲಿ ಎರಡು ಸಲ ಇಳಿದಿದ್ದೇನೆ, ಎರಡೂ ಸಲ ದವಾಖಾನೆಗೆ, ದಾದಾನ ಹೆಗಲ ಮೇಲೆ. ಎರಡನೆಯ ಸಲ ಅವನ ಸೊಂಟ ಹಿಡಿದುಕೊಂಡು ನಾಲ್ಕು ದಿನ ಮಲಗಿದ. ಆಮೇಲೆ ನಾನು ಇಳಿಸು ಅಂತ ಕೇಳಿಲ್ಲ.

ಅಯ್ಯೋ ಪಾಪ ಅನ್ನಬೇಡ, ಮೈ ಉರಿಯುತ್ತದೆ. ಊಟ ಮೇಲೆ ಬರುತ್ತದೆ, ಔಷಧಿ ಬರುತ್ತದೆ, ಟಿವಿ ಇದೆ. "ಏನ ಕಡಿಮಿ ಆಗೇದ ನಿನಗ?" ಅಂತ ದಾದಾ ಕೇಳುತ್ತಾನೆ, ನಿಜವಾಗಿ ಕೇಳುತ್ತಾನೆ. ನನಗೆ ಇಳಿಯಬೇಕು. ನನ್ನ ಪಾಡಿಗೆ ನಾನು ಇಳಿದು, ರಸ್ತೆಯ ಮೂಲೆಯ ತನಕ ಹೋಗಿ, ತಿರುಗಿ ಬರಬೇಕು. ಬೇರೆ ಏನೂ ಬೇಡ.

ಈಗ ನಿನ್ನ ಕೆಲಸ. ಟ್ರಾವೆಲ್ಸಿನಲ್ಲಿದ್ದಾಗ ಯಾವ ಲಾಜಿಗೆ ಫೋನ್ ಮಾಡಿದರೂ "ಪಾವಟಿಗಿ ಒಂದೂ ಇಲ್ರಿ ಮೇಡಂ" ಅನ್ನುತ್ತಿದ್ದರು. ಸ್ವಲ್ಪ ಗದರಿಸಿದರೆ "ಎರಡ ಮೂರ ಅವ ನೋಡ್ರಿ, ಅಷ್ಟ" ಅನ್ನುತ್ತಿದ್ದರು. ನಡೆಯುವವರಿಗೆ ಮೂರು ಪಾವಟಿಗೆ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ನನಗೆ ಫೋಟೋ ಕಳಿಸಬೇಡ. ಒಂದು ಗಾಲಿಕುರ್ಚಿ ತಂದು ನೀನೇ ಕೂತುಕೋ. ಗೇಟಿನಿಂದ ಸಂಡಾಸದ ತನಕ ಹೋಗು. ಕಾಲು ಕೆಳಗಿಡಬಾರದು. ಎಲ್ಲೆಲ್ಲಿ ನಿಂತೆ ಅಂತ ಬರೆ.

ಶ್ರೀಲೇಖಾ


ಅಕ್ಕಲಕೋಟೆ
೩ ಡಿಸೆಂಬರ್ ೨೦೨೪

ಪ್ರೀತಿಯ ಲೇಖೀ,

ಬೈದರೂ ಬರೆದೆಯಲ್ಲ, ಹೊಟ್ಟೆ ತುಂಬಿತು!

ಗಾಲಿಕುರ್ಚಿ ನಮ್ಮ ಲಾಜಿನಲ್ಲೇ ಇತ್ತು ಮಾರಾಯ್ತಿ. ಯಾರೋ ತಮ್ಮ ತಂದೆಯ ಸ್ಮರಣಾರ್ಥ ಕೊಟ್ಟದ್ದು. ಬೆನ್ನ ಮೇಲೆ ದೊಡ್ಡದಾಗಿ ಅವರ ಹೆಸರು, ಕಳುವಾಗದಂತೆ ಕಂಬಕ್ಕೆ ಸರಪಳಿ, ಎರಡೂ ಗಾಲಿ ಪಂಕ್ಚರ್. ಅತ್ತೆ ಮಾವ ಆರತಿಗೆ ಹೋದ ಮೇಲೆ ಬಿಚ್ಚಿ ಪಂಕ್ಚರ್ ತಿದ್ದಿಸಿ ಕೂತೆ. ಅತ್ತೆ ಲಗೂನೆ ಬಂದುಬಿಟ್ಟರು. "ಏ ಹುಚ್ಚಿ, ಇಳಿ ಕೆಳಗ! ಕೈಕಾಲ ಗಟ್ಟಿ ಇದ್ದಾಕಿ ಅದರಾಗ ಕುಂಡ್ರಬಾರದು, ಅಪಶಕುನ ಐತಿ" ಅಂತ ಬಾಯಿ ಮಾಡಿದರು. ಶಾರದಾಬಾಯಿಯವರ ಬಾಯಿ ಅಂದರೆ ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ. ನಾನು ಇಳಿಯಲಿಲ್ಲ.

ಗೇಟಿನಲ್ಲಿ ನಾಲ್ಕು ಪಾವಟಿಗೆ, ಅಲ್ಲೇ ಮೊದಲ ನಿಲುಗಡೆ. ಹಿಂದಿನ ಬಾಗಿಲಿನಿಂದ ಸುತ್ತಿ ಬಂದೆ. ಕೌಂಟರು ನನ್ನ ನೆತ್ತಿಗಿಂತ ಮೇಲೆ. ಆರು ವರ್ಷ ಅದರ ಹಿಂದೆ ಕೂತವಳು ನಾನು, ಮುಂದೆ ಕೂತವರಿಗೆ ನನ್ನ ಮುಖವೇ ಕಾಣದು ಅಂತ ಗೊತ್ತಿರಲಿಲ್ಲ. ಮೂರನೇ ನಂಬರ್ ಕೋಣೆಗೆ ಹೇಗೋ ಹೊಕ್ಕೆ. ಸಂಡಾಸದ ಬಾಗಿಲಲ್ಲಿ ಗಾಲಿ ಸಿಕ್ಕಿಕೊಂಡಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅರ್ಧ ತಾಸು ಒದ್ದಾಡಿದೆ. ಕಡೆಗೆ ಎದ್ದು ಹೊರಗೆ ಬಂದೆ. ಬಂದ ಮೇಲೆ, ಲೇಖೀ, ನಾನು ಎದ್ದು ಬಂದೆನಲ್ಲ ಅನ್ನುವುದು ತಲೆಗೆ ಹೊಕ್ಕು ಮಂಚದ ಮೇಲೆ ಕೂತು ಅತ್ತುಬಿಟ್ಟೆ.

ಆದರೆ ಚಿಂತೆಯಿಲ್ಲ, ಇವರು ಒಂದು ಉಪಾಯ ಮಾಡಿದ್ದಾರೆ. ನನ್ನ ಗಂಡ ಅಂತಲ್ಲ, ಯೋಗಿರಾಜರಿಗೆ ಒಳ್ಳೆಯ ಮನಸ್ಸು. ಗೋಡೆ ಒಡೆಯುವುದು, ಬಾಗಿಲು ಕೀಳುವುದು ಎಲ್ಲ ಯಾಕೆ ಅಂತ ನಾಲ್ಕು ಗಟ್ಟಿ ಮಂದಿಯನ್ನು ಹಿಡಿದು 'ಸೇವಾ ಪಥಕ' ಕಟ್ಟಿದ್ದಾರೆ. ಕೇಸರಿ ಟೀಶರ್ಟು ಹೊಲಿಸಿದ್ದಾರೆ. "ಯಾರ ಬರ್ಲಿ, ಹೂವಿನಂಗ ಎತ್ತಿ ಒಳಗ ಇಡ್ತೀವಿ. ಇಂಥಾ ಸೇವಾ ಮಾಡೂದು ಪುಣ್ಯಾ" ಅನ್ನುತ್ತಾರೆ. ನಾನು ನಿನ್ನ ವಿಷಯ ಹೇಳಿದೆ. ಹದಿನೈದನೇ ತಾರೀಖು ರವಿವಾರ ಆ ನಾಲ್ಕೂ ಮಂದಿಯನ್ನು ಸೊಲ್ಲಾಪುರಕ್ಕೆ ಕಳಿಸುತ್ತಾರಂತೆ, ಕುರ್ಚಿ ಸಮೇತ ನಿನ್ನನ್ನು ಎತ್ತಿಕೊಂಡೇ ಬರುತ್ತಾರೆ. ಹೂಂ ಅನ್ನು, ಸಾಕು.

ನಿನ್ನ ದಾರಿ ಕಾಯುವ,
ಮನೀ


ಸೊಲ್ಲಾಪುರ
೯ ಡಿಸೆಂಬರ್ ೨೦೨೪

ಮನೀಷಾ,

ಯಾರನ್ನೂ ಕಳಿಸಬೇಡ. ಕಳಿಸಿದರೆ ಮೇಲಿನಿಂದ ಬಿಸಿನೀರು ಸುರಿಯುತ್ತೇನೆ. ಸುಮ್ಮನೆ ಹೇಳುತ್ತಿಲ್ಲ.

ಆ ನಾಲ್ಕು ಮಂದಿಯಲ್ಲಿ ಇಬ್ಬರಾದರೂ ನಿನ್ನ ಮದುವೆಯಲ್ಲಿ ಇದ್ದವರೇ ಇರಬೇಕು. ನೀನು ಆರು ವರ್ಷ ಕೇಳಲಿಲ್ಲ, ಈಗ ಕೇಳು. ಮಂಗಲ ಕಾರ್ಯಾಲಯದ ಮದುವೆ ಹಾಲು ಮೇಲಿನ ಮಹಡಿಯಲ್ಲಿತ್ತು. ನಾನು ಕೆಳಗೇ ಕೂತು ಅಕ್ಷತೆ ಹಾಕುತ್ತೇನೆ ಅಂದೆ. ನಿನ್ನ ಗಂಡನ ಕಡೆಯ ನಾಲ್ವರು ಕೇಳಬೇಕಲ್ಲ! "ಅಕ್ಕಾರ, ನಾವು ಅದೀವಿ" ಅಂತ ಎತ್ತಿಯೇ ಬಿಟ್ಟರು. ನನ್ನ ಸೀರೆಯ ಸೆರಗು ಗಾಲಿಗೆ ಸಿಕ್ಕಿತ್ತು. ಬಿಡಿಸಿಕೊಳ್ಳುತ್ತೇನೆ, ನಿಲ್ಲಿ ಅಂದೆ. ಫೋಟೋದವನೂ ನಿಲ್ಲಿ ಅಂದ. ಅವನ ಮಾತಿಗೆ ನಿಂತರು. ಆ ಫೋಟೋ ನಿಮ್ಮ ಆಲ್ಬಮ್ಮಿನಲ್ಲಿ ಇದೆಯಂತೆ, ಇರಲಿ. ನನ್ನ ಸಿಟ್ಟು ಅದಕ್ಕಲ್ಲ.

ಊಟವಾಯಿತು. ಕೆಳಗೆ ಬ್ಯಾಂಡು ಶುರುವಾಯಿತು. ವರಾತದ ಮೆರವಣಿಗೆ ಹೊರಟಿತು, ನಾಲ್ವರೂ ಕುಣಿಯಲು ಹೋದರು. ಹಾಲು ಖಾಲಿಯಾಯಿತು. ಎತ್ತುವಾಗ ನಲವತ್ತು ಜನ ಸುತ್ತಲೂ ನಿಂತಿದ್ದರು, ಇಳಿಸಲು ಒಬ್ಬನೂ ಇರಲಿಲ್ಲ. ಮೂರು ತಾಸು ಕೂತಿದ್ದೆ ಮನೀಷಾ. ಮುರಿದ ಪತ್ರಾವಳಿ, ಚೆಲ್ಲಿದ ಸಾರು, ನಾನು. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ. ದಾದಾನಿಗೆ ಮಾಡಲಿಲ್ಲ. ಮಾಡಿದ್ದರೆ ಅವನು ಓಡಿ ಬರುತ್ತಿದ್ದ, ಆಮೇಲೆ ಜನ್ಮದಲ್ಲಿ ನನ್ನನ್ನು ಒಬ್ಬಳೇ ಎಲ್ಲಿಗೂ ಬಿಡುತ್ತಿರಲಿಲ್ಲ. ಕಡೆಗೆ ಕಸ ಹೊಡೆಯಲು ಬಂದ ಸುಗಲಾಬಾಯಿ ಅನ್ನುವ ಹೆಂಗಸು ಕೆಳಗೆ ಹೋಗಿ ಇಬ್ಬರು ಹಮಾಲರನ್ನು ಕರೆತಂದಳು.

ಎತ್ತುವವನಿಗೆ ಪುಣ್ಯ ಏರುವಾಗಲೇ ಸಿಕ್ಕಿಬಿಡುತ್ತದೆ. ಇಳಿಸುವುದು ಬರೀ ಕೆಲಸ. ನಾನು ಈ ಮಹಡಿಗೆ ಬಂದದ್ದೂ ಹಾಗೆಯೇ, ಪ್ರೀತಿಯಿಂದ, ಹೂವಿನಂತೆ.

ನಿನ್ನ ಲಾಜಿಗೆ ಬರುವವರು ಯಾತ್ರಿಕರು, ಸಾಮಾನಲ್ಲ. ಟೀಶರ್ಟು ಹೊಲಿಸುವ ಬದಲು ಪಾವಟಿಗೆ ಒಡೆಸು. ಇಲ್ಲದಿದ್ದರೆ ಆ ಪುಣೆಯವರಿಗೆ ನಮ್ಮಲ್ಲಿ ಆಗುವುದಿಲ್ಲ ಅಂತ ಬರೆದು ಹಾಕು. ನನಗೆ ಮಾತ್ರ ಇನ್ನು ಬರೆಯಬೇಡ.

ಶ್ರೀಲೇಖಾ


ಅಕ್ಕಲಕೋಟೆ
೨ ಜನವರಿ ೨೦೨೫

ಲೇಖೀ,

ಬರೆಯಬೇಡ ಅಂದೆ. ಇಪ್ಪತ್ತನಾಲ್ಕು ದಿನ ಬರೆಯಲಿಲ್ಲ. ಇನ್ನು ಆಗುವುದಿಲ್ಲ.

ಆ ಹನ್ನೊಂದು ಮಿಸ್ಡ್ ಕಾಲ್ ನಾನು ಮರುದಿನ ಬೆಳಿಗ್ಗೆ ನೋಡಿದೆ. ಹೋಗಿ ಬರ್ತೀನಿ ಅಂತ ಹೇಳಲು ಮಾಡಿರಬೇಕು ಅಂದುಕೊಂಡೆ. ಹನ್ನೊಂದು ಸಲವಾ, ಅಂತ ಒಳಗೊಳಗೇ ಅನ್ನಿಸಿತ್ತು. ಆದರೂ ಕೇಳಲಿಲ್ಲ. ಕೇಳಿದರೆ ನೀನು ಏನಾದರೂ ಹೇಳಿಬಿಡುತ್ತೀ ಅಂತ ಹೆದರಿಕೆ. ಹೊಸ ಮನೆ, ಹೊಸ ಮಂದಿ, ಅವರ ತಪ್ಪು ಎತ್ತಿ ಆಡಲು ನನಗೆ ಬಾಯಿ ಇರಲಿಲ್ಲ. ತಪ್ಪಾಯಿತು ಲೇಖೀ. ದೊಡ್ಡ ತಪ್ಪು. ನಿನ್ನ ಕಾಲು ಹಿಡಿದು ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ.

ಸುಗಲಾಬಾಯಿ ಈಗಲೂ ಅದೇ ಕಾರ್ಯಾಲಯದಲ್ಲಿದ್ದಾಳೆ. ಹುಡುಕಿಕೊಂಡು ಹೋದೆ. ನೀನು ಬರೆಯದೆ ಬಿಟ್ಟದ್ದನ್ನು ಅವಳು ಹೇಳಿದಳು. "ಆ ಹುಡುಗಿ ಅಳಲಿಲ್ಲ ಯವ್ವಾ. ಮೊದಲ ನನಗ ಒಂದು ಬಕೀಟ ತಂದ ಕೊಡು, ಆ ಕಡೆ ತಿರುಗಿ ನಿಲ್ಲು ಅಂದ್ಳು" ಅಂದಳು. ಆಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ, ಬಕೀಟಿನ ಮಾತನ್ನೂ. ಕುಣಿದವರಲ್ಲಿ ಇವರ ತಮ್ಮಂದಿರಷ್ಟೇ ಅಲ್ಲ, ಇವರೂ ಇದ್ದರು. ಮೂರನೆಯ ದಿನ ಆ ಟೀಶರ್ಟುಗಳನ್ನು ನೆಲ ಒರೆಸಲು ಕೊಟ್ಟರು.

ಈಗ ಕೆಲಸದ ಸುದ್ದಿ. ಮೊದಲು ಇವರು ಆರು ಅಡಿಯ ರ‍್ಯಾಂಪ್ ಹಾಕಿಸಿದ್ದರು, ಮೋಟರ್‌ಸೈಕಲ್ ಏರಿಸಲು ಹಾಕುತ್ತಾರಲ್ಲ, ಅಂಥದ್ದು. ನಾನು ಕುರ್ಚಿಯಲ್ಲಿ ಕೂತು ಏರಲು ಹೋಗಿ ಹಿಂದಕ್ಕೆ ಜಾರಿ ತುಳಸಿಕಟ್ಟೆಗೆ ಬಡಿದೆ. ಒಡೆಸಿದೆವು. ಈಗ ಎರಡು ಅಡಿ ಎತ್ತರಕ್ಕೆ ಇಪ್ಪತ್ತನಾಲ್ಕು ಅಡಿ ಉದ್ದ. ನುಣುಪು ಫರಸಿ ಬೇಡ ಅಂತ ಒರಟು ಕಲ್ಲು ಹಾಕಿಸಿದೆ. ಸಂಡಾಸದ ಬಾಗಿಲು ಮೂವತ್ತೆರಡು ಇಂಚು. ಪ್ರಸಾದದ ಊಟದ ಕೋಣೆಯ ವಿಷಯಕ್ಕೆ ಮಾವ ಅಡ್ಡ ಬಂದರು. ರಸ್ತೆ ತುಳಿದ ಗಾಲಿ ಚಪ್ಪಲಿಯ ಸಮ, ಒಳಗೆ ಬರಬಾರದು ಅಂದರು. ಮರುದಿನ ಅವರೇ "ನಾವು ಕಾಲ ತೊಳಕೊಂಡ ಒಳಗ ಹೋಗ್ತೀವಲ್ಲ, ಗಾಲಿನೂ ತೊಳಕೊಂಡ ಬರ್ಲಿ" ಅಂದು ರ‍್ಯಾಂಪಿನ ಬುಡಕ್ಕೆ ಒಂದು ನಳ ಹಾಕಿಸಿದರು!

ಒಂದೇ ಪ್ರಶ್ನೆ ಉಳಿದಿದೆ. ಈ ಕೋಣೆಗಳಿಗೆ ಒಳಗಿನ ಚಿಲಕವೇ ಬೇಡ ಅನ್ನುತ್ತಾರೆ ಇವರು. ಒಳಗೆ ಯಾರಾದರೂ ಬಿದ್ದರೆ ನಾವು ಹೋಗುವುದು ಹೇಗೆ ಅಂತ. ನನಗೂ ಸರಿ ಅನ್ನಿಸುತ್ತಿದೆ. ನೀನು ಏನನ್ನುತ್ತೀ?

ಮಾಫ್ ಮಾಡು ಅಂತ ಕೇಳುವ,
ಮನೀ


ಸೊಲ್ಲಾಪುರ
೨೦ ಜನವರಿ ೨೦೨೫

ಮನೀ,

ನಿನ್ನ ತಪ್ಪಾಯಿತು ಅನ್ನುವ ಸಾಲನ್ನು ಮೂರು ಸಲ ಓದಿದೆ. ಆರು ವರ್ಷ ಹಳೆಯ ಸಿಟ್ಟು, ಹೋಗು ಅಂದರೆ ಎದ್ದು ಹೋಗುತ್ತದೆಯೇ? ಆದರೆ ಸ್ವಲ್ಪ ಸರಿದು ಕೂತಿದೆ.

ಚಿಲಕ ಹಾಕಿಸು. ಹಾಕಿಸಲೇಬೇಕು. ನೆಲದಿಂದ ಮೂವತ್ತಾರು ಇಂಚಿಗೆ, ಕೂತವರ ಕೈಗೆ ಸಿಗುವಂತೆ. ಅಪಾಯ ಅಂದರೆ ಹೊರಗಿನಿಂದ ಕೀಲಿ ಹಾಕಿ ತೆಗೆಯುವಂಥದ್ದು ಸಿಗುತ್ತದೆ, ಆ ಕೀಲಿ ನಿನ್ನೊಬ್ಬಳ ಹತ್ತಿರ ಇರಲಿ. ಯಾಕೆ ಅಂತ ಕೇಳಿದರೆ ನಮ್ಮ ಮನೆಯ ಸುದ್ದಿ ಹೇಳಬೇಕು.

ನನ್ನ ಕೋಣೆಯ ಬಾಗಿಲು ಹಗಲು ರಾತ್ರಿ ತೆರೆದಿರುತ್ತದೆ. "ಬಿದ್ದಗಿದ್ದೀ ಅಂದ್ರ?" ಅನ್ನುತ್ತಾನೆ ದಾದಾ. ಸೀರೆ ಬದಲಿಸುವಾಗ ವಹಿನಿ ಅಡ್ಡ ನಿಲ್ಲುತ್ತಾಳೆ. ಯಾರೂ ಬಾಗಿಲು ಬಡಿಯುವುದಿಲ್ಲ, ನಡೆದು ಒಳಗೆ ಬರುತ್ತಾರೆ.

ಈ ತಿಂಗಳ ಮೊದಲ ವಾರ ದಾದಾನನ್ನು ಕೇಳಿಯೇಬಿಟ್ಟೆ. ಕೆಳಗಿನ ಕೋಣೆ ನನಗೆ ತಿರುಗಿ ಕೊಡು ಅಂದೆ. ಅವನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಮುಖ ಸಣ್ಣದು ಮಾಡಿಕೊಂಡು "ನಾ ನಿನಗ ಏನ್ ಕಡಿಮಿ ಮಾಡೀನಿ ಹೇಳು" ಅಂದ. ನಾನೇ ತಪ್ಪು ಮಾಡಿದವಳಂತೆ ಕುರ್ಚಿ ತಿರುಗಿಸಿಕೊಂಡೆ.

ಹನ್ನೆರಡನೇ ತಾರೀಖು ರವಿವಾರ ಅವರಿಬ್ಬರೂ ಮರವಡೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದರು. ಕೆಳಗೆ ಆಫೀಸಿಗೆ ಬೀಗ. ನಾನು ಕುರ್ಚಿಯಿಂದ ನೆಲಕ್ಕಿಳಿದು, ಚಾದರವನ್ನು ಮಡಚಿ ಅಡಿಗೆ ಹಾಕಿಕೊಂಡು, ಕೈ ಊರಿ ಒಂದೊಂದೇ ಪಾವಟಿಗೆ ಇಳಿದೆ. ಒಂಬತ್ತು ಇಳಿದಾಗ ತಿರುವು ಬಂತು. ಕುರ್ಚಿ ಮೇಲೆಯೇ ಉಳಿದಿತ್ತು. ಕೆಳಗೆ ಹೋಗಿ ನೆಲದ ಮೇಲೆ ಕೂತು ಮಾಡುವುದೇನು? ತಿರುಗಿ ಹತ್ತಲು ಕೈಯಲ್ಲಿ ಬಲ ಉಳಿದಿರಲಿಲ್ಲ. ಅವರು ಬಂದಾಗ ಅಲ್ಲಿಯೇ ಇದ್ದೆ. ದಾದಾ ಅತ್ತ ಮನೀ. ಗಂಡಸು, ವಕೀಲ, ಪಾವಟಿಗೆಯ ಮೇಲೆ ಕೂತು ಗಳಗಳ ಅತ್ತ.

ಎರಡು ದಿನ ಬಿಟ್ಟು ವೆಲ್ಡಿಂಗಿನವನು ಬಂದ. ಪಾವಟಿಗೆಯ ತಲೆಗೆ ಕಬ್ಬಿಣದ ಜಾಳಿ ಗೇಟು. ಚಿಲಕ ಆ ಕಡೆ, ಗೇಟಿನ ತುದಿಗೆ, ನಿಂತವರ ಕೈಗೆ. ಅಳತೆ ತೆಗೆಯುತ್ತ ವೆಲ್ಡಿಂಗಿನವನು "ಮನ್ಯಾಗ ಸಣ್ಣ ಮಕ್ಕಳದಾವೇನ್ರಿ?" ಅಂತ ಕೇಳಿದ. ದಾದಾ ನನ್ನ ಕಡೆ ನೋಡದೆ "ಹೂಂ" ಅಂದ.

ಅದಕ್ಕೇ ಹೇಳಿದೆ, ಚಿಲಕ ಒಳಗೆ ಇರಲಿ ಅಂತ.

ಲೇಖೀ


ಅಕ್ಕಲಕೋಟೆ
೨೮ ಜನವರಿ ೨೦೨೫

ಲೇಖೀ,

ನಿನ್ನ ಪತ್ರ ಓದಿ ಮೊದಲು ಗ್ಯಾಸ್ ಕಟ್ಟರಿನವನನ್ನು ಕರೆದುಕೊಂಡು ಹೊರಡಬೇಕು ಅಂದುಕೊಂಡೆ. ಆಮೇಲೆ ನಿನ್ನ ಬಿಸಿನೀರು ನೆನಪಾಯಿತು. ನಾನು ಬಂದು ಗೇಟು ಮುರಿದರೆ ಅದೂ ಎತ್ತಿಕೊಂಡು ಹೋದ ಹಾಗೆಯೇ ಅಲ್ಲವೇ?

ಮೂರನೇ ನಂಬರ್ ಕೋಣೆ ಸಿದ್ಧವಾಗಿದೆ. ಚಿಲಕ ಮೂವತ್ತಾರು ಇಂಚಿಗೇ ಇದೆ. ತಂಡ ಬರುವ ಮೊದಲು ಒಬ್ಬರಾದರೂ ಅದರಲ್ಲಿ ಇದ್ದು ನೋಡಬೇಕು, ಅದು ನೀನೇ ಆಗಬೇಕು.

ಫೆಬ್ರುವರಿ ಹದಿಮೂರು, ಗುರುವಾರ. ಇಲ್ಲಿ ಗುರುವಾರ ಅಂದರೆ ಭಕ್ತರ ಗದ್ದಲದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಮಾವ ಬಯ್ಯುತ್ತಾರೆ, ಬಯ್ಯಲಿ. ಓಮ್ನಿ ಗಾಡಿ ತೆಗೆದುಕೊಂಡು ಹನ್ನೊಂದಕ್ಕೆ ನಿಮ್ಮ ಮನೆಯ ಮುಂದೆ ನಿಲ್ಲುತ್ತೇನೆ. ಎರಡು ಸಲ ಹಾರ್ನ್ ಹಾಕುತ್ತೇನೆ. ಮೇಲೆ ಹತ್ತಿ ಬರುವುದಿಲ್ಲ. ನಿನ್ನ ದಾದಾನ ಜೊತೆ ವಾದ ಮಾಡುವುದಿಲ್ಲ. ಐದರ ತನಕ ನಿಂತಿರುತ್ತೇನೆ. ನೀನು ಬಂದರೆ ಬಂದೆ, ಬರದಿದ್ದರೆ ಸುಮ್ಮನೆ ತಿರುಗಿ ಹೋಗುತ್ತೇನೆ, ಏನೂ ಅನ್ನುವುದಿಲ್ಲ. ಅವತ್ತು ನೀನು ಮೂರು ತಾಸು ಕಾದೆ. ನಾನು ಆರು ತಾಸು ಕಾಯುತ್ತೇನೆ.

ಕೆಳಗೆ ನಿಂತಿರುವ,
ಮನೀ


ಅಕ್ಕಲಕೋಟೆ, ಕೋಣೆ ನಂಬರ್ ಮೂರು
೧೩ ಫೆಬ್ರುವರಿ ೨೦೨೫, ಸಂಜೆ

ಮನೀ,

ಹತ್ತು ಮಾರು ದೂರದ ಕೌಂಟರಿನಲ್ಲಿ ನೀನು ಕೂತಿದ್ದೀ, ನಿನಗೆ ಪತ್ರ ಬರೆಯುತ್ತಿದ್ದೇನೆ. ನಗು. ಗಾಡಿಯಲ್ಲಿ ನನಗೆ ಮಾತು ಬರಲಿಲ್ಲ. ನೀನು ನೋಡಿದ್ದು 'ಅಡ್ವೊಕೇಟ್' ಬೋರ್ಡಿನ ಹಿಂದಿನಿಂದ ಕಂಡ ಕಡೆಯ ನಾಲ್ಕು ಪಾವಟಿಗೆ. ಉಳಿದ ಇಪ್ಪತ್ತೇಳು ಹೇಳುತ್ತೇನೆ.

ನಿನ್ನ ಹೋದ ಪತ್ರ ಬಂದ ದಿನ ನಾನು ಅಳುತ್ತ ಕೂತಿದ್ದೆ. ವಹಿನಿ ಎಂದಿನಂತೆ ನಡೆದು ಒಳಗೆ ಬಂದಳು. "ಇಷ್ಟ ದಿನಾ ಏನ್ ಬರೀತೀರಿ ತಾಈ, ನಮಗೂ ಸ್ವಲ್ಪ ಹೇಳ್ರಿ" ಅಂದಳು. ಯಾವಾಗಲೂ "ಏನಿಲ್ಲ, ಸಾಲಿ ಗೆಳತಿ" ಅಂದು ಮುಗಿಸುತ್ತಿದ್ದೆ. ಅವತ್ತು ಬೇಜಾರು ಬಂದಿತ್ತು, ಅಕ್ಷರದ ಈ ಒಂದು ಕೋಣೆಗೂ ಎಷ್ಟು ದಿನ ಬೀಗ ಹಾಕಿಕೊಂಡು ಕೂರಲಿ? ನಿನ್ನ ಪತ್ರಗಳನ್ನೆಲ್ಲ ತೆಗೆದು ಮರಾಠಿಯಲ್ಲಿ ಓದಿ ಹೇಳಿದೆ. ನಾನು ನಿನಗೆ ಬರೆದದ್ದನ್ನೂ ಹೇಳಿದೆ. ಕಾರ್ಯಾಲಯ, ಸುಗಲಾಬಾಯಿ, ಬಕೀಟು, ಎಲ್ಲ. ವೆಲ್ಡಿಂಗಿನವನು ಕೇಳಿದ ಮಾತು ಬಂದಾಗ ಅವಳು ಎದ್ದು ಹೋದಳು. ಆಮೇಲೆ ಎರಡು ವಾರ ಊಟ ತಂದಿಟ್ಟಳು, ತಟ್ಟೆ ಒಯ್ದಳು, ಅಷ್ಟೇ. ಹೇಳಬಾರದಿತ್ತು ಅಂತ ನನ್ನನ್ನೇ ಬೈದುಕೊಂಡೆ.

ಇವತ್ತು ಹನ್ನೊಂದಕ್ಕೆ ನಿನ್ನ ಹಾರ್ನ್ ಕೇಳಿತು. ನಾನು ಬೆಳಿಗ್ಗೆಯೇ ಇಳಕಲ್ ಸೀರೆ ಬಿಟ್ಟು ಪಂಜಾಬಿ ಡ್ರೆಸ್ ಹಾಕಿಕೊಂಡಿದ್ದೆ, ಕೈಚೀಲದಲ್ಲಿ ಎರಡು ಜೊತೆ ಬಟ್ಟೆ. ಜಾಳಿಯ ಮುಂದೆ ಹೋಗಿ ಕೂತೆ. ಚಿಲಕ ಆ ಕಡೆ. ಕೂಗಲಿಲ್ಲ. ಕೂಗಿದರೆ ದಾದಾ ಬರುತ್ತಾನೆ. ಹನ್ನೆರಡಾಯಿತು. ಒಂದಾಯಿತು. ಕಿಟಕಿಗೆ ಹೋಗಿ ನೋಡಿದೆ, ನೀನು ಬಿಸಿಲಲ್ಲಿ ಗಾಡಿಗೆ ಒರಗಿ ಬಾಳೆಹಣ್ಣು ತಿನ್ನುತ್ತಿದ್ದೆ. ತಿರುಗಿ ಬಂದು ಮತ್ತೆ ಕೂತೆ. ಕಾರ್ಯಾಲಯದ ಆ ಮೂರು ತಾಸೇ ಮತ್ತೆ ಬಂದ ಹಾಗಿತ್ತು. ಬ್ಯಾಂಡು ಮಾತ್ರ ಇರಲಿಲ್ಲ.

ಎರಡು ದಾಟಿದ ಮೇಲೆ ವಹಿನಿ ಬಂದಳು. ಕೈಯೆಲ್ಲ ಹಿಟ್ಟು. ಜಾಳಿಯ ಚಿಲಕ ಸರಿಸಿ, "ಒಲಿ ಮ್ಯಾಲ ಹಾಲು ಇಟ್ಟೀನಿ, ನಾ ಏನೂ ನೋಡಿಲ್ಲ" ಅಂದು ನನ್ನನ್ನು ದಾಟಿ ಒಳಗೆ ಹೋದಳು. ನಾನು ಚಾದರ ಮಡಚಿ ಹಾಕಿಕೊಂಡು ಇಳಿಯತೊಡಗಿದೆ. ಐದನೇ ಪಾವಟಿಗೆಗೆ ಮೇಲೆ ಸಪ್ಪಳವಾಯಿತು. ವಹಿನಿ ನನ್ನ ಕುರ್ಚಿಯನ್ನು ಮಡಚಿ ಎದೆಗೆ ಅವುಚಿಕೊಂಡು ಹಿಂದೆಯೇ ಇಳಿಯುತ್ತಿದ್ದಾಳೆ. ನಾನು ಒಂದು ಇಳಿದರೆ ಅವಳೂ ಒಂದು. ನಾನು ನಿಂತರೆ ಅವಳೂ ನಿಲ್ಲುತ್ತಾಳೆ. ನನ್ನನ್ನು ಮುಟ್ಟಲಿಲ್ಲ, ಬೇಗ ಅನ್ನಲಿಲ್ಲ. ತಿರುವಿನಲ್ಲಿ ನನಗೆ ಅಳು ಬಂತು, ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಳು. "ಹಾಲು?" ಅಂದೆ. "ಉಕ್ಕಿ ಹೋಗ್ಲಿ ಬಿಡ್ರಿ" ಅಂದಳು.

ಆಫೀಸಿನ ಎದುರಿಗೆ ಬಂದಾಗ ಕಕ್ಷಿದಾರರೆಲ್ಲ ಎದ್ದು ನಿಂತರು. ವಕೀಲರ ತಂಗಿ ಕುಂಡೆ ಎಳೆಯುತ್ತ ಇಳಿದು ಬರುವುದನ್ನು ಅವರು ಯಾವಾಗ ನೋಡಿದ್ದರು! ಮೈಯೆಲ್ಲ ನಾಚಿಕೆಯಿಂದ ಉರಿಯಿತು. ಆದರೂ ಹೇಳುತ್ತೇನೆ, ನಾಲ್ಕು ಮಂದಿಯ ಕೈಯಲ್ಲಿ ಸಿಂಹಾಸನದಂತೆ ಏರಿದಾಗಿನ ನಾಚಿಕೆಗಿಂತ ಇದು ಕಡಿಮೆಯೇ. ತಡವಳದ ಒಬ್ಬ ಮುದುಕ ತನ್ನ ಚಪ್ಪಲಿ ಸರಿಸಿ "ದಾರಿ ಬಿಡ್ರೆಪಾ, ದಾರಿ ಬಿಡ್ರಿ" ಅಂದ. ದಾದಾ ಫೈಲು ಬಿಸಾಡಿ ಎರಡೂ ಕೈ ಚಾಚಿ ಓಡಿ ಬಂದ.

"ದಾದಾ, ಮುಟ್ಟಬ್ಯಾಡ" ಅಂದೆ.

ಅವನ ಕೈ ಗಾಳಿಯಲ್ಲೇ ನಿಂತವು. ಅವನ ಆ ಕೈಗಳನ್ನು ನಾನು ಯಾವತ್ತೂ ಮರೆಯಲಾರೆ ಮನೀ. ಕೆಟ್ಟ ಕೈಗಳಲ್ಲ ಅವು. ವಹಿನಿ ಕುರ್ಚಿ ಬಿಡಿಸಿ ಇಟ್ಟಳು. ಏರಿ ಕೂತೆ. ದಾದಾ ಬಹಳ ಮೆಲ್ಲಗೆ "ಹೊಳ್ಳಿ ಬರ್ತೀ ಇಲ್ಲೋ?" ಅಂದ. "ಕೆಳಗಿನ ಕ್ವಾಣಿ ಖಾಲಿ ಆದ ದಿನಾ ಬರ್ತೀನಿ" ಅಂದೆ. ಖಾಲಿ ಮಾಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಮೇಲೆ ಆ ಜಾಳಿ ಇನ್ನೂ ಇದೆ. ಮೂರು ದಿನದ ಬಟ್ಟೆಯೂ ನನ್ನ ಹತ್ತಿರ ಇಲ್ಲ. ಹೆದರಿಕೆ ಆಗುತ್ತಿದೆ.

ಈಗ ನಿನ್ನ ಕೋಣೆ. ರ‍್ಯಾಂಪ್ ಸರಿ ಇದೆ. ನಿಮ್ಮ ಮಾವನವರ ನಳದಲ್ಲಿ ಗಾಲಿ ತೊಳೆದುಕೊಂಡೇ ಬಂದೆ, ಅವರು ದೂರ ನಿಂತು ನೋಡುತ್ತಿದ್ದರು. ಕನ್ನಡಿ ಇನ್ನೂ ಎತ್ತರದಲ್ಲಿದೆ, ನನಗೆ ನನ್ನ ಹಣೆ ಮಾತ್ರ ಕಾಣುತ್ತದೆ, ಇಳಿಸು. ಬಕೀಟಿಗೆ ಹಿಡಿಕೆ ಹಾಕಿಸು. ಬೇರೆ ತಕರಾರು ಇಲ್ಲ.

ನೀನು ಚಹಾ ತರುತ್ತೇನೆ ಅಂತ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಚಿಲಕ ಕೈಗೆ ಸರಿಯಾಗಿ ಸಿಕ್ಕಿತು. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಆಮೇಲೆ ಈ ಪತ್ರ ಬರೆಯಲು ಕೂತೆ.

ಹೊರಗೆ ಬಟ್ಟಲ ಸಪ್ಪಳ. ನೀನು ಬಾಗಿಲು ಬಡಿಯುತ್ತಿದ್ದೀ. "ಲೇಖೀ, ಚಹಾ ಆರ್ತದ, ತಗೀ" ಅನ್ನುತ್ತಿದ್ದೀ. ಹದಿನೇಳು ತಿಂಗಳಿಂದ ಯಾರೂ ನನ್ನ ಬಾಗಿಲು ಬಡಿದಿಲ್ಲ. ಇನ್ನೆರಡು ಸಲ ಬಡಿ ಮನೀ, ಆಮೇಲೆ ತೆಗೆಯುತ್ತೇನೆ.

ಒಳಗಿನಿಂದ,
ನಿನ್ನ ಲೇಖೀ